ಹೆಸರಳಿಸಿದ ಕತ್ತಿ

ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ: "ಗುರುಗಳೇ, ನಾನೊಂದು ಹಾಡು ಕಟ್ಟಿದೆ. ಕೊನೆಯ ಸಾಲಿನಲ್ಲಿ ನನ್ನ ಅಂಕಿತವಿಟ್ಟು ಹಾಡಿದೆ. ಕೇಳುವವರು ಎದ್ದು ಹೋದರು. ಅದೇ ಹಾಡಿಗೆ ಹಿಂದಿನ ಒಬ್ಬ ಶರಣರ ಅಂಕಿತವಿಟ್ಟು ಹಾಡಿದೆ. ಜನ ಕಣ್ಣೊರೆಸಿಕೊಂಡರು. ನಾಳೆ ಮಠದ ಸಭೆಯಲ್ಲಿ ಅದನ್ನೇ ಹಾಡಬೇಕೆಂದು ಕೇಳಿದ್ದಾರೆ. ಮಾತು ಅದೇ, ರಾಗ ಅದೇ, ಹೆಸರೊಂದು ಬೇರೆ. ಇದರಲ್ಲಿ ತಪ್ಪೇನಿದೆ?"

ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಜಪಾನ್ ದೇಶದಲ್ಲಿ ಒಬ್ಬ ಕಮ್ಮಾರನಿದ್ದ. ಇದು ರಾಜರ ಕಾಲದ ಮಾತಲ್ಲ, ರೈಲು ಓಡುವ ಕಾಲದ ಮಾತು. ಅಲ್ಲಿ ಈಗ ಯಾರೂ ಕತ್ತಿ ಹಿಡಿದು ಯುದ್ಧಕ್ಕೆ ಹೋಗುವುದಿಲ್ಲ. ಆದರೂ ಕೈಯಿಂದಲೇ ಕತ್ತಿ ಬಡಿಯುವವರು ಕೆಲವರು ಉಳಿದಿದ್ದಾರೆ. ಚಿತ್ರವನ್ನು ಕೊಳ್ಳುವ ಹಾಗೆ ಕತ್ತಿಯನ್ನು ಕೊಳ್ಳುವವರೂ ಇದ್ದಾರೆ. ಕತ್ತಿಯ ಹಿಡಿಯೊಳಗೆ ಅಡಗಿಕೊಳ್ಳುವ ಕಬ್ಬಿಣದ ಬಾಲದ ಮೇಲೆ ಕಮ್ಮಾರ ಉಳಿಯಿಂದ ತನ್ನ ಹೆಸರು ಕೊರೆಯುತ್ತಾನೆ. ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಹೆಸರು ಹಳೆಯದಾದರೆ ಬೆಲೆ ಏರುತ್ತದೆ. ಬದುಕಿರುವವನ ಹೆಸರಾದರೆ ಕತ್ತಿ ಒರೆಗೆ ಮರಳುತ್ತದೆ.

ನಮ್ಮ ಕಮ್ಮಾರ ಬದುಕಿದ್ದ. ಅದೇ ಅವನ ಕಷ್ಟ. ಅವನು ಮಾಡಿದ ಒಂದು ಕತ್ತಿ ಪಟ್ಟಣದ ವ್ಯಾಪಾರಿಯ ಅಂಗಡಿಯಲ್ಲಿ ಬಹಳ ಕಾಲದಿಂದ ಬಿದ್ದಿತ್ತು.

ಒಂದು ದಿನ ಆ ಅಂಗಡಿಗೆ ಹಡಗುಗಳ ಒಡೆಯನೊಬ್ಬ ಬಂದ. ಹಳೆಯ ಕತ್ತಿಗಳೆಂದರೆ ಅವನಿಗೆ ಪ್ರಾಣ. ಅದೂ ಇದೂ ನೋಡುತ್ತ ಈ ಕತ್ತಿಯನ್ನು ಒರೆಯಿಂದ ಎಳೆದ. ಬೆಳಕಿಗೆ ಹಿಡಿದ. ಹಾಗೆಯೇ ನಿಂತುಬಿಟ್ಟ. ಅಲಗಿನ ಬಾಯಿಯುದ್ದಕ್ಕೂ ಬಿಳಿಯ ಗೆರೆಯೊಂದು ದಡಕ್ಕೆ ಬರುವ ಅಲೆಯಂತೆ ಏರಿ ಇಳಿದಿತ್ತು.

"ಇದು ನಾನೂರು ವರ್ಷದ ಹಿಂದಿನ ಕೈ" ಎಂದ ಹಡಗಿನೊಡೆಯ. "ಇದನ್ನು ಯಾರಿಗೂ ಕೊಡಬೇಡಿ. ಹಿಡಿ ಬಿಚ್ಚಿ, ಬಾಲ ತೋರಿಸಿ."

ವ್ಯಾಪಾರಿ ಅಲ್ಲವೆನ್ನಲಿಲ್ಲ. "ಹಿಡಿಯನ್ನು ತಿಳಿದವರಿಂದ ಬಿಚ್ಚಿಸಬೇಕು. ಮುಂದಿನ ವಾರ ಬನ್ನಿ" ಎಂದ.

ಒಡೆಯ ಹೋದ ಕೂಡಲೇ ವ್ಯಾಪಾರಿ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದ. ಕಮ್ಮಾರನ ಊರಿಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಕಮ್ಮಾರನ ಎದೆ ಹಿಗ್ಗಿತು. ಅವನು ನಿಂತಲ್ಲಿ ನಿಲ್ಲಲಾರದೆ ಕುಲುಮೆಯ ಸುತ್ತ ನಡೆದಾಡಿದ.

"ನಾನೂರು ವರ್ಷದ ಹಿಂದಿನ ಕೈ ಎಂದರೆ?" ಎಂದು ಮತ್ತೆ ಕೇಳಿದ.

"ಹಾಗೇ ಅಂದರು. ಈಗ ನೀನು ಮಾಡಬೇಕಾದ್ದು ಇಷ್ಟೇ. ಹೆಸರನ್ನು ಅರದಿಂದ ಉಜ್ಜಿಹಾಕು. ಮೇಲೆ ತುಕ್ಕು ಹಿಡಿಸು. ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ."

ಕಮ್ಮಾರನ ಹೆಂಡತಿ ಅಲ್ಲೇ ಇದ್ದಳು. ದೊಡ್ಡ ಸುತ್ತಿಗೆ ಹಿಡಿದು ಅವನೊಡನೆ ಕಬ್ಬಿಣ ಬಡಿಯುವವಳು ಅವಳೇ. ಅವಳೆಂದಳು: "ಹೊಗಳಿದ್ದು ನಿಮ್ಮನ್ನೋ, ಸತ್ತವರನ್ನೋ?"

"ಕತ್ತಿಯನ್ನು ಹೊಗಳಿದರು" ಎಂದ ಕಮ್ಮಾರ. "ನನಗೆ ಅಷ್ಟು ಸಾಕು."

ಅವನೇ ಅರ ತೆಗೆದುಕೊಂಡ. ಅವನೇ ಉಜ್ಜಿದ. ಹೆಸರು ಪುಡಿಯಾಗಿ ನೆಲಕ್ಕೆ ಬಿತ್ತು.

ಕತ್ತಿ ಪಟ್ಟಣಕ್ಕೆ ಮರಳಿತು. ಆದರೆ ಕಮ್ಮಾರನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಆ ಹೊಗಳಿಕೆಯನ್ನು ತನ್ನ ಕಿವಿಯಿಂದಲೇ ಕೇಳಬೇಕೆಂಬ ಆಸೆ ಹುಟ್ಟಿತು. ಒಡೆಯ ಬರುವ ದಿನ ಅವನೂ ಅಂಗಡಿಗೆ ಹೋದ. ಕೊಳ್ಳುವವನಂತೆ ಒಂದು ಮೂಲೆಯಲ್ಲಿ ನಿಂತ.

ಹಡಗಿನೊಡೆಯ ಬಂದ. ಬಾಲ ನೋಡಿದ. ಹೆಸರಿಲ್ಲ, ತುಕ್ಕಿದೆ. ಹಳೆಯ ಕತ್ತಿಗಳಲ್ಲಿ ಅದೂ ಉಂಟು. ಅವನು ಅಲಗನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಆ ಗೆರೆಯ ಒಂದೊಂದು ಅಲೆಯನ್ನೂ ಹೊಗಳಿದ. ಮೂಲೆಯಲ್ಲಿದ್ದ ಕಮ್ಮಾರನ ಮೈ ಜುಮ್ಮೆಂದಿತು. ಆಗ ಒಡೆಯ ಮತ್ತೊಂದು ಮಾತು ಹೇಳಿದ.

"ಈಗಲೂ ಕತ್ತಿ ಬಡಿಯುತ್ತೇವೆ ಅನ್ನುವವರಿದ್ದಾರೆ. ಅವರು ಕುಡುಗೋಲು ಬಡಿದುಕೊಂಡಿರಲಿ. ಇಂಥದ್ದನ್ನು ಮಾಡುವ ಕೈ ಈಗ ಭೂಮಿಯ ಮೇಲಿಲ್ಲ."

ಕಮ್ಮಾರನಿಗೆ ಮುಖದ ಮೇಲೆ ಕೆಂಡ ಸುರಿದಂತಾಯಿತು. ಒಂದೇ ಬಾಯಿ, ಒಂದೇ ಉಸಿರಿನಲ್ಲಿ ತನ್ನನ್ನು ಮೇಲೆತ್ತಿ ಮಣ್ಣಿಗೆ ಹಾಕಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನು ಮುಂದೆ ಬಂದು ನಿಂತ.

"ಅದನ್ನು ಮಾಡಿದವನು ನಾನು" ಎಂದ.

ಒಡೆಯ ಅವನನ್ನು ನೋಡಿದ. ವ್ಯಾಪಾರಿಯನ್ನು ನೋಡಿದ. ವ್ಯಾಪಾರಿ ತಡವರಿಸಲೂ ಇಲ್ಲ.

"ಇವರು ಯಾರೋ ನನಗೆ ಗೊತ್ತಿಲ್ಲ" ಎಂದ.

"ನಿಮ್ಮದಾದರೆ ಹೆಸರೆಲ್ಲಿ?" ಎಂದು ಒಡೆಯ ಕೇಳಿದ.

ಕಮ್ಮಾರ ಬಾಯಿ ತೆರೆದ. ತಾನೇ ಉಜ್ಜಿಹಾಕಿದೆ ಎಂದರೆ ಮೋಸಗಾರನಾಗುತ್ತಾನೆ. ಅನ್ನದಿದ್ದರೆ ಸುಳ್ಳುಗಾರನಾಗುತ್ತಾನೆ. ಅವನು ನಿಜ ಹೇಳಿದ: "ಬೆಲೆ ಬರುತ್ತದೆಂದು ನಾನೇ ಉಜ್ಜಿಹಾಕಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಕುಲುಮೆಗೆ ಬನ್ನಿ. ನಿಮ್ಮ ಕಣ್ಣೆದುರಿಗೆ ಇನ್ನೊಂದು ಮಾಡುತ್ತೇನೆ. ಆಗದಿದ್ದರೆ ಇಲ್ಲಿಗೇ ಬಂದು, ನಾನು ಸುಳ್ಳುಗಾರನೆಂದು ಎಲ್ಲರ ಮುಂದೆ ಹೇಳಿಹೋಗುತ್ತೇನೆ."

ಒಡೆಯನಿಗೆ ಸಿಟ್ಟೂ ಬಂತು, ಕುತೂಹಲವೂ ಬಂತು. ಕತ್ತಿಯನ್ನು ಮೇಜಿನ ಮೇಲಿಟ್ಟು ಅವನ ಜೊತೆ ಹೊರಟ.

ಕುಲುಮೆ ಹೊತ್ತಿತು. ದಿನಗಟ್ಟಲೆ ಕಬ್ಬಿಣವನ್ನು ಕಾಯಿಸಿದರು, ಬಡಿದರು, ಮಡಿಸಿದರು, ಮತ್ತೆ ಕಾಯಿಸಿದರು. ಹೆಂಡತಿಯ ದೊಡ್ಡ ಸುತ್ತಿಗೆ ಬಿದ್ದಲ್ಲೆಲ್ಲ ಕಿಡಿ ಹಾರಿತು. ಒಡೆಯ ಮೊದಲು ದೂರ ಕುಳಿತಿದ್ದ. ಆಮೇಲೆ ಹತ್ತಿರ ಬಂದ. ಕೊನೆಗೆ ಕೋಟು ಕಳಚಿ, ಬೆಂಕಿಗೆ ಗಾಳಿ ಊದುವ ತಿದಿಯನ್ನು ತಾನೇ ಒತ್ತಲು ನಿಂತ. ಬೇಡವೆಂದು ಯಾರೂ ಹೇಳಲಿಲ್ಲ.

ಅಲಗು ಸಿದ್ಧವಾಯಿತು. ಅದಕ್ಕೆ ನೀರು ಕುಡಿಸುವುದೊಂದು ಉಳಿಯಿತು. ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿಮಣ್ಣು ಬಳಿದು, ಕೆಂಪಗೆ ಕಾಯಿಸಿ, ಒಮ್ಮೆಲೆ ನೀರಿಗೆ ಇಳಿಸಬೇಕು. ಆ ಗಳಿಗೆಯಲ್ಲಿ ಗೆರೆ ಮೂಡುತ್ತದೆ, ಇಲ್ಲವೇ ಕತ್ತಿ ಸೀಳುತ್ತದೆ. ಕಾವಿನ ಬಣ್ಣ ತಿಳಿಯಲೆಂದು ಹಗಲಿನಲ್ಲೇ ಕಿಟಕಿಗಳನ್ನು ಮುಚ್ಚಿದರು. ಕಮ್ಮಾರ ಕಣ್ಮುಚ್ಚಿ, ಅಂಗಡಿಯಲ್ಲಿದ್ದ ತನ್ನ ಕತ್ತಿಯ ಒಂದೊಂದು ಅಲೆಯನ್ನೂ ನೆನೆದ. ಅದರಂತೆಯೇ ಮಣ್ಣು ಬಳಿದಿದ್ದ, ಅದರಂತೆಯೇ ಕಾವನ್ನು ಕಾದ. ಒಂದು ಉಸಿರು ಹೆಚ್ಚು ಕಾದ. ನೀರಿಗೆ ಇಳಿಸಿದ. ನೀರು ಭೋರೆಂದಿತು. ಅದರ ನಡುವೆ ಟಿಣ್ ಎಂದು ಸಣ್ಣ ಸದ್ದೊಂದು ಕೇಳಿತು.

ಅಲಗು ಸೀಳಿತ್ತು.

ಒಡೆಯ ಗೋಡೆಯ ಮೇಲಿದ್ದ ತನ್ನ ಕೋಟನ್ನು ತೆಗೆದುಕೊಂಡ. ಬಾಗಿಲವರೆಗೆ ನಡೆದ. ಅಷ್ಟು ದಿನ ತಿದಿ ಒತ್ತಿದ ಕೈ ಅವನನ್ನು ಹೋಗಲು ಬಿಡಲಿಲ್ಲ. ಕೋಟನ್ನು ಮತ್ತೆ ತೂಗುಹಾಕಿದ.

"ಇನ್ನೊಮ್ಮೆ" ಎಂದ.

ಮೊದಲಿನಿಂದ ಎಲ್ಲವನ್ನೂ ಮಾಡಿದರು. ಈ ಸಲ ಮಣ್ಣು ಬಳಿಯುವಾಗ ಹೆಂಡತಿ ಕೇಳಿದಳು: "ಗೆರೆ ಹೇಗಿರಬೇಕು?"

"ನನಗೆ ಗೊತ್ತಿಲ್ಲ" ಎಂದ ಕಮ್ಮಾರ. ಹಾಗೆ ಹೇಳಿದ ಮೇಲೆ ಅವನಿಗೇ ಹಗುರವೆನಿಸಿತು.

ಕಿಟಕಿಗಳು ಮುಚ್ಚಿದವು. ಒಡೆಯ ತಿದಿ ಒತ್ತಿದ. ಇದ್ದಿಲು ಹಳದಿಯಾಯಿತು, ಅಲಗು ಕೆಂಪಾಯಿತು. ಮೂವರೂ ಉಸಿರು ಬಿಗಿಹಿಡಿದರು. ಕಮ್ಮಾರ ಎಳೆದ, ಇಳಿಸಿದ. ನೀರು ಮೇಲೆದ್ದಿತು. ನೇರವಾಗಿ ಇಳಿದ ಅಲಗು ನೀರಿನೊಳಗೆ ಮೈಮುರಿದು ಮೆಲ್ಲನೆ ಬಾಗುವುದು ಅವನ ಕೈಗೆ ತಿಳಿಯಿತು. ಟಿಣ್ ಎಂಬ ಸದ್ದಿಗಾಗಿ ಕಾದರು. ಅದು ಬರಲಿಲ್ಲ. ಇನ್ನೂ ಕಾದರು. ಬರಲಿಲ್ಲ.

ಹೆಂಡತಿ ಕಿಟಕಿ ತೆರೆದಳು. ಕಮ್ಮಾರ ಅಲಗನ್ನು ಕಲ್ಲಿನ ಮೇಲೆ ತಿಕ್ಕಿದ. ಗೆರೆ ಮೆಲ್ಲನೆ ಹೊರಬಂತು. ಅದು ದಡದ ಅಲೆಯಾಗಿರಲಿಲ್ಲ. ಗಾಳಿಗೆ ಬಾಗಿದ ಹುಲ್ಲಿನಂತೆ ಒಂದೇ ಕಡೆಗೆ ಓಡಿತ್ತು. ಅಂಥದ್ದನ್ನು ಒಡೆಯ ಹಿಂದೆಲ್ಲೂ ಕಂಡಿರಲಿಲ್ಲ, ಕಮ್ಮಾರನೂ ಕಂಡಿರಲಿಲ್ಲ.

ಒಡೆಯ ಬಹಳ ಹೊತ್ತು ನೋಡಿದ. ಆಮೇಲೆ ನೆಲದ ಮೇಲೆ ಮಂಡಿಯೂರಿ ಕುಳಿತು ತಲೆ ಬಾಗಿಸಿದ.

"ಇದನ್ನು ನನಗೆ ಕೊಡಿ. ಹಳೆಯದಕ್ಕೆ ಕೊಡಲಿದ್ದಷ್ಟು ಕೊಡಲಾರೆ, ಹೊಸ ಕತ್ತಿಗೆ ಯಾರೂ ಅಷ್ಟು ಕೊಡುವುದಿಲ್ಲ. ಹೊಸದಕ್ಕೆ ಸಲ್ಲಬೇಕಾದ್ದನ್ನು ಕೊಡುತ್ತೇನೆ. ಆದರೆ ಹೆಸರನ್ನು ನನ್ನ ಮುಂದೆಯೇ ಕೊರೆಯಬೇಕು."

ಕಮ್ಮಾರ ಉಳಿ ಹಿಡಿದ. ಹೆಸರಿನ ಮೊದಲ ಅಕ್ಷರ ತುಸು ವಾರೆಯಾಯಿತು. ಒಡೆಯ ಅದನ್ನು ತಿದ್ದಲು ಬಿಡಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ನಿಜಗುಣನ ಮುಖ ಅರಳಿತ್ತು.

"ವ್ಯಾಪಾರಿಯ ಬಳಿಯಿದ್ದ ಕತ್ತಿ ಏನಾಯಿತು?" ಎಂದು ಕೇಳಿದ.

"ಹಳೆಯದೆಂದು ಮಾರಲು ಅವನಿಗೆ ಧೈರ್ಯ ಬರಲಿಲ್ಲ. ಹೊಸದೆಂದು ಮಾರಲು ಅದಕ್ಕೆ ಹೆಸರಿರಲಿಲ್ಲ. ಅಂಗಡಿಯಲ್ಲೇ ಉಳಿಯಿತು."

ನಿಜಗುಣ ತಡೆಯಲಾರದೆ ಎದ್ದು ನಿಂತ. "ನನಗೆ ತಿಳಿಯಿತು, ಗುರುಗಳೇ. ನಾಳೆ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ. ಈ ಹಾಡನ್ನು ಕಟ್ಟಿದವನು ನಾನೇ ಎನ್ನುತ್ತೇನೆ."

ಗುರುಗಳು ಅವನನ್ನು ನೋಡಿ ಕೇಳಿದರು: "ಅವರು ನಂಬದೆ, ಹಾಗಾದರೆ ಇನ್ನೊಂದನ್ನು ಹಾಡು ಎಂದು ಕೇಳಿದರೆ, ನಿನ್ನಲ್ಲಿ ಇನ್ನೊಂದು ಇದೆಯೆ?"

ಎದ್ದು ನಿಂತಿದ್ದ ನಿಜಗುಣ ಮತ್ತೆ ಕುಳಿತುಕೊಂಡ.