ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದು ಯಾಕೆ

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಮರ, ಗಾಳಿ, ಹಳ್ಳ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು.

ಆ ಕಾಲದಲ್ಲಿ ಬೆಟ್ಟದ ಕಾಡಿನೊಳಗೆ ಉದುರಿದ ಎಲೆ ಉದುರಿದ ಹಾಗೇ ಬಿದ್ದಿರುತ್ತಿತ್ತು ಮಗಾ. ಕೊಳೆಯುವುದು ಅಂದರೇನೆಂದೇ ಯಾರಿಗೂ ಗೊತ್ತಿರಲಿಲ್ಲ. ಈ ವರ್ಷದ ಎಲೆಯ ಮೇಲೆ ಮುಂದಿನ ವರ್ಷದ ಎಲೆ, ಅದರ ಮೇಲೆ ಮತ್ತೊಂದು ವರ್ಷದ ಎಲೆ. ಜಿಂಕೆ ನಡೆದು ಹೋದರೆ ಕೊಂಬು ಮಾತ್ರ ಕಾಣುತ್ತಿತ್ತು!

ಆ ಕಾಡಿನಲ್ಲಿ ಕೇತಮ್ಮ ಎಂಬ ಹೆಂಗಸಿದ್ದಳು. ಗೆಣಸು ಅಗೆದು ತಂದು, ಕೆಂಡದಲ್ಲಿ ಸುಟ್ಟು, ಮಗಳು ಬೊಮ್ಮಿಗೆ ತಿನ್ನಿಸುತ್ತಿದ್ದಳು. ಒಂದು ದಿನ ಎಲೆ ಸರಿಸಿದಳು, ಸರಿಸಿದಳು, ನೆಲವೇ ಸಿಗಲಿಲ್ಲ. ಕೊನೆಗೆ ಸಿಕ್ಕ ಮಣ್ಣು ಬೂದಿಯ ಹಾಗೆ ಬೆಳ್ಳಗಿತ್ತು. ಗೆಣಸು ಬೊಮ್ಮಿಯ ಕಿರುಬೆರಳಿನಷ್ಟೇ ಇತ್ತು.

"ನೇರಳೆಯವ್ವಾ, ಏನಾಯ್ತು ಇದು?" ಎಂದು ಪಕ್ಕದ ನೇರಳೆ ಮರವನ್ನು ಕೇಳಿದಳು.

"ಏನು ಹೇಳಲಿ ಕೇತಿ! ನಾನು ಉಂಡದ್ದೆಲ್ಲ ಎಲೆಯಾಗಿ ಉದುರಿಹೋಯ್ತು. ಅದನ್ನ ಮತ್ತೆ ಮಣ್ಣು ಮಾಡೋರು ಯಾರು? ಬೇರಿಗೆ ತಿನ್ನೋಕೆ ಏನೂ ಇಲ್ಲ. ಈ ಸಲ ಹಣ್ಣು ಬಿಡೋ ಶಕ್ತಿ ಇಲ್ಲ ಕಣೇ."

ಕೇತಮ್ಮ ಕೈಯಲ್ಲಿದ್ದ ಪುಟ್ಟ ಗೆಣಸನ್ನು ತಿರುಗಿಸಿ ನೋಡಿದಳು. ಗೆಣಸೂ ಇಲ್ಲ, ಹಣ್ಣೂ ಇಲ್ಲ ಅಂದರೆ ಬೊಮ್ಮಿಗೆ ಏನು ಕೊಡುವುದು?

ಅಷ್ಟರಲ್ಲಿ ಗಾಳಿ ಏದುಸಿರು ಬಿಡುತ್ತಾ ಬಂತು. "ಕೇತಿ, ನನ್ನ ಸೆರಗಲ್ಲಿ ಒಂದಿಷ್ಟು ಜನ ಇದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣೋರು. ಎಲ್ಲಿ ಇಳಿಸಲಿ? ಬಂಡೆ ಬೇಡ ಅಂತು. ಹಳ್ಳ ಬೇಡ ಅಂತು."

ಸೆರಗಿನೊಳಗಿಂದ ಸಣ್ಣ ದನಿಗಳು ಕೇಳಿದವು. "ಅಕ್ಕಾ, ಬಿಸಿಲಿಗೆ ಒಣಗಿ ಹೋಗ್ತಾ ಇದ್ದೀವಿ. ಹೊಟ್ಟೆ ಬೇರೆ ಹಸಿದಿದೆ."

"ಏನು ತಿಂತೀರಪ್ಪಾ?"

"ಯಾರೂ ತಿನ್ನದೆ ಬಿಟ್ಟದ್ದನ್ನ!"

ನೇರಳೆ ಮರ ಹೆದರಿತು. "ಬೇಡ ಕೇತಿ. ನನ್ನ ಬೇರನ್ನೇ ತಿಂದುಬಿಟ್ಟರೆ?"

ಕೇತಮ್ಮನಿಗೂ ಭಯವೇ. ಆದರೂ, "ಹಸಿದು ಬಂದೋರನ್ನ ಬಾಗಿಲಲ್ಲೇ ನಿಲ್ಲಿಸೋಕೆ ನನ್ನ ಕೈಲಾಗಲ್ಲ ನೇರಳೆಯವ್ವಾ" ಎಂದು ಎರಡೂ ಕೈಯಿಂದ ಎಲೆಯ ರಾಶಿಯನ್ನು ಕಂಬಳಿಯ ಹಾಗೆ ಎತ್ತಿ ಹಿಡಿದಳು. "ಬನ್ನಿ, ಒಳಗೆ ತಂಪಾಗಿದೆ."

ಸಣ್ಣೋರು ಗುಳುಗುಳು ಇಳಿದರು. ಅವರಲ್ಲಿ ಬೂಷ್ಟಿನವರು ಬಿಳಿ ದಾರದಂತೆ ಹಬ್ಬಿ ಗಟ್ಟಿ ಎಲೆ, ಒಣ ಕೊಂಬೆ ಎಲ್ಲವನ್ನೂ ಸೀಳಿದರು. ಚುಕ್ಕಿಗಿಂತ ಚಿಕ್ಕವರು ಆ ಚೂರುಗಳನ್ನು ಮೆದ್ದರು. ತಿಂದರು, ತಿಂದರು, ತಿನ್ನುತ್ತಲೇ ಇದ್ದರು. ಒಂದು ಬಿಳಿ ದಾರ ಮೆಲ್ಲಗೆ ನೇರಳೆಯ ಬೇರಿನ ಕಡೆ ಹರಿಯಿತು.

"ಬಂದ್ರು ಕೇತಿ, ಬಂದ್ರು!" ಎಂದು ಮರ ನಡುಗಿತು.

ದಾರ ಬೇರನ್ನು ಸುತ್ತಿಕೊಂಡಿತು. ಕಚ್ಚಲಿಲ್ಲ. "ಕುಡಿ ಅವ್ವಾ, ಕಲ್ಲಿನ ಸಂದಿಯಿಂದ ನೀರು ತಂದಿದ್ದೀವಿ" ಎಂದಿತು.

ಮರ ಗಟಗಟ ಕುಡಿಯಿತು. ಮಣ್ಣು ಕಪ್ಪಾಯಿತು, ಮೆತ್ತಗಾಯಿತು. ಗೆಣಸು ಕೇತಮ್ಮನ ತೋಳಿನಷ್ಟು ದಪ್ಪವಾಯಿತು. ನೇರಳೆ ಎಷ್ಟು ಹಣ್ಣು ಬಿಟ್ಟಿತೆಂದರೆ ಬೊಮ್ಮಿಯ ನಾಲಿಗೆ, ಗಲ್ಲ, ಹೊಟ್ಟೆ ಎಲ್ಲ ನೇರಳೆ ಬಣ್ಣ!

ಕೇತಮ್ಮ ನೆಲಕ್ಕೆ ಬಾಯಿಟ್ಟು ಕೂಗಿದಳು. "ಒಂದ್ಸಲ ಮೇಲೆ ಬನ್ರಪ್ಪಾ. ನಿಮ್ಮ ಮುಖ ನೋಡ್ಬೇಕು."

"ಬಿಸಿಲಿಗೆ ಬರೋಕಾಗಲ್ಲಕ್ಕಾ. ಮಳೆ ಬಂದಾಗ ಬರ್ತೀವಿ!"

ಬೇಸಿಗೆ ಕಳೆದು ಮೊದಲ ಮೋಡ ಗುಡುಗಿತು. ಹನಿ ಬಿತ್ತು. ಚುಕ್ಕಿಗಿಂತ ಚಿಕ್ಕವರಿಗೆ ತೋರಿಸಲು ಮುಖವೇ ಇರಲಿಲ್ಲ. ಅದಕ್ಕೆ ತಮ್ಮ ಮೈಯ ಪರಿಮಳವನ್ನೇ ಮೇಲಕ್ಕೆ ಕಳಿಸಿದರು. ಬೂಷ್ಟಿನವರು ಪುಟ್ಟ ಪುಟ್ಟ ಬಿಳಿ ಕೊಡೆ ಬಿಚ್ಚಿಕೊಂಡು ಎದ್ದು ನಿಂತರು. ಕೇತಮ್ಮ ಮೂಗರಳಿಸಿ ಉಸಿರೆಳೆದುಕೊಂಡು, ಬೊಮ್ಮಿಯನ್ನು ಎತ್ತಿಕೊಂಡು ಮಳೆಯಲ್ಲಿ ಗಿರಗಿರ ಕುಣಿದಳು.

ಅದಕ್ಕೇ ಮಗಾ, ಇವತ್ತಿಗೂ ಮೊದಲ ಮಳೆಯ ಹನಿ ಬಿದ್ದ ಕೂಡಲೇ ಮಣ್ಣು ಘಮ್ಮೆನ್ನುತ್ತದೆ, ಅದರ ಹಿಂದೆಯೇ ಎಲೆಗಳ ನಡುವೆ ಅಣಬೆಗಳು ಕೊಡೆ ಹಿಡಿದು ನಮ್ಮನ್ನು ನೋಡಲು ಬರುತ್ತವೆ.