ಹದಿನಾಲ್ಕನೆಯ ಕೋಲು

“ಕೇಳಿರಪ್ಪೋ ಕೇಳಿ! ಹುಲಿಗುಡ್ಡದ ದೊರೆ ಬೊಮ್ಮರಸ ನಾಯಕರ ಅಪ್ಪಣೆ! ದೊರೆಗಳ ಗಾಲ್ಫ್ ಚೀಲದಲ್ಲಿ ಹದಿಮೂರು ಕೋಲು ಕೂತಿವೆ, ಇನ್ನೊಂದಕ್ಕಷ್ಟೇ ಜಾಗ. ಅದು ಲಾಂಗ್ ಐರನ್ನೋ, ಹೈಬ್ರಿಡ್ಡೋ? ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಸಂಜೆ ತಲೆದಂಡ!”

ಒಂದು ಕೋಲಿಗಾಗಿ ತಲೆಯೇ ಎಂದು ನೀವು ನಗಬಹುದು. ಆದರೆ ಶುಕ್ರವಾರ ದೊರೆಯ ಬೀಗರು ಆಡಲು ಬರುವವರಿದ್ದರು. ಹೋದ ಸಲ ಕೆರೆ ದಾಟಿಸಲು ಹೋಗಿ ದೊರೆ ಮೂರು ಚೆಂಡು ನೀರಿಗೆ ಹಾಕಿದ್ದ, ಬೀಗರು ಮೀಸೆಯಡಿ ನಕ್ಕಿದ್ದರು. ಶತ್ರುವಿಗಾದರೂ ಸೋಲಬಹುದು, ಬೀಗರಿಗೆ ಸೋಲುವುದುಂಟೇ? ಅಂದಿನಿಂದ ದೊರೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಲಾಂಗ್ ಐರನ್ ಅವನ ತಂದೆಯದು, ಉದ್ದ ಕೋಲಿನ ತುದಿಗೆ ಕುಡುಗೋಲಿನಂಥ ತೆಳ್ಳನೆಯ ಕಬ್ಬಿಣ. ಹೈಬ್ರಿಡ್ ಹೊಸದು, ಅಷ್ಟೇ ದೂರ ಹೊಡೆಯಲು ಮಾಡಿದ್ದು, ತಲೆ ದಪ್ಪ, ತಳ ಅಗಲ. ಒಂದನ್ನು ಚೀಲಕ್ಕೆ ಹಾಕುವನು, ತೆಗೆಯುವನು, ಇನ್ನೊಂದನ್ನು ಹಾಕುವನು.

ಆ ಬಯಲಿನ ಹುಲ್ಲು ನೋಡಿಕೊಳ್ಳುತ್ತಿದ್ದವರು ಜವರ ಮತ್ತು ಅವನ ತಂಗಿ ಪುಟ್ಟೀರಿ. ಕೋಲು ಬಿದ್ದಲ್ಲಿ ನೆಲ ಕಿತ್ತು ಬರುತ್ತದಲ್ಲ, ಅದನ್ನು ಅವರು ‘ಗಾಯ’ ಎನ್ನುತ್ತಿದ್ದರು. ದಿನಾ ಬೆಳಗ್ಗೆ ಮರಳಿಗೆ ಹುಲ್ಲಿನ ಬೀಜ ಬೆರೆಸಿ ಗಾಯ ಮುಚ್ಚುವುದು ಪುಟ್ಟೀರಿಯ ಕೆಲಸ. ಯಾರೂ ಇಲ್ಲದಾಗ ಅಣ್ಣತಂಗಿ ಮುರುಕು ಕೋಲಿನಿಂದ ಹಳೇ ಚೆಂಡು ಹೊಡೆಯುತ್ತಿದ್ದದ್ದೂ ಉಂಟು.

ಒಗಟು ಕೇಳಲು ದೊರೆ ಕೆರೆಯ ದಂಡೆಯಲ್ಲಿ ಡೇರೆ ಹಾಕಿಸಿದ್ದ. ಒಬ್ಬೊಬ್ಬರೇ ಒಳಗೆ ಹೋಗಬೇಕು. ಉತ್ತರ ತಪ್ಪಿದರೆ ನಗಾರಿಗೆ ಒಂದು ಏಟು. ದಳವಾಯಿಯ ಮಗ ಮೀಸೆ ತಿರುವಿಕೊಂಡು ಹೋದ. ನಗಾರಿಗೆ ಏಟು ಬಿತ್ತು. ಆಸ್ಥಾನದ ಜೋಯಿಸರು ಹೋದರು. ನಗಾರಿ ಬಿತ್ತು. ಪುಟ್ಟೀರಿ ಬೇಡಬೇಡವೆಂದರೂ ಕೇಳದೆ ಜವರ ಹೋದ. “ನಾ ಹುಲ್ಲಲ್ಲೇ ಬೆಳ್ದೋನು ಕಣವ್ವ, ನಂಗ್ ಗೊತ್ತಿಲ್ದಿರದು ಏನೈತೆ?” ಎಂದಿದ್ದ. ಈ ಸಲ ಹೊತ್ತು ಹೆಚ್ಚಾಯಿತು. ಅವಳು ಹುಲ್ಲು ಕಿತ್ತಳು, ಬಿಸಾಡಿದಳು, ಮತ್ತೆ ಕಿತ್ತಳು. ನಗಾರಿ ಬಿತ್ತು. ಭಟರು ಅಣ್ಣನ ಕೈಕಟ್ಟಿ ಹೊರಗೆ ತಂದರು. ಸಂಜೆಗೆ ಇನ್ನೂ ಒಂದು ಜಾವ ಉಳಿದಿತ್ತು. ಮರಳಿನ ಬುಟ್ಟಿ ಇಳಿಸಿ ಅವಳು ಡೇರೆಯೊಳಕ್ಕೆ ನಡೆದಳು.

ದೊರೆ ಶತಪಥ ಹಾಕುತ್ತಿದ್ದ. ಅವಳತ್ತ ನೋಡದೆಯೇ ಕೇಳಿದ: “ಇಬ್ಬರು ಒಂದೇ ದಾರಿ ಹಿಡಿದರು. ಒಬ್ಬ ಅಲಗಿನಷ್ಟು ತೆಳ್ಳಗೆ, ಇನ್ನೊಬ್ಬ ಡೊಳ್ಳುಹೊಟ್ಟೆಯವ. ಎತ್ತರದ ಹುಲ್ಲು ತೆಳ್ಳಗಿನವನ ಕತ್ತು ತಿರುಚಿತು, ಡೊಳ್ಳುಹೊಟ್ಟೆಯವನಿಗೆ ದಾರಿ ಬಿಟ್ಟಿತು. ಯಾರವರು? ದಳವಾಯಿಯ ಮಗ ಸನ್ಯಾಸಿ ಮತ್ತು ಸಾಹುಕಾರ ಅಂದ.”

“ತೆಳ್ಳಗಿರೋನು ಲಾಂಗ್ ಐರನ್ನು ಬುದ್ಧಿ. ಹುಲ್ಲು ಕತ್ತಿಗೆ ಸುತ್ಕಂಡು ಮಕ ತಿರುಗಿಸ್ಬುಡ್ತದೆ, ಚೆಂಡು ಎತ್ಲಾಗೋ ಓಯ್ತದೆ. ಹೈಬ್ರಿಡ್ಡಿಗೆ ತಳ ಅಗಲ, ಹುಲ್ಲಿನ ಮ್ಯಾಲೆ ಜಾರ್ಕಂಡು ಓಯ್ತದೆ.”

ದೊರೆಯ ನಡಿಗೆ ಸ್ವಲ್ಪ ನಿಧಾನವಾಯಿತು. “ತಲೆ ಎತ್ತಿ ನಡೆದವನನ್ನು ದೋಚುತ್ತಾನೆ, ತಲೆ ತಗ್ಗಿಸಿದವನನ್ನು ಬಿಡುತ್ತಾನೆ. ಕೈಯಿಲ್ಲದ ಕಳ್ಳ ಯಾರು? ಜೋಯಿಸರು ವಿಧಿ ಅಂದರು.”

“ಎದುರುಗಾಳಿ ಬುದ್ಧಿ. ಹೈಬ್ರಿಡ್ಡು ಚೆಂಡನ್ನ ಮ್ಯಾಕೆ ಎತ್ತಿಬುಡ್ತದೆ, ಗಾಳಿ ಅದರ ದೂರ ಕದೀತದೆ. ಲಾಂಗ್ ಐರನ್ನಿನ ಚೆಂಡು ತಗ್ಗಲ್ಲೇ ನುಗ್ತದೆ.”

ದೊರೆ ನಿಂತ. “ಇಬ್ಬರಿಗೂ ಗುಣವುಂಟು, ಇಬ್ಬರಿಗೂ ದೋಷವುಂಟು. ನನ್ನ ಮನೆಯಲ್ಲಿ ಒಬ್ಬನಿಗೇ ಜಾಗ. ಯಾರಿಗೆ ಬಾಗಿಲು ತೆರೆಯಲಿ, ಯಾಕೆ? ನಿನ್ನಣ್ಣ, ವೀರರ ಕೈಗೆ ಲಾಂಗ್ ಐರನ್ನೇ ಚೆಂದ ಅಂದ. ಹೊಡೆದು ನೋಡಿದೆ. ಚೆಂಡು ಕೆರೆಯಲ್ಲಿದೆ.”

ಉತ್ತರ ಪುಟ್ಟೀರಿಗೆ ಒಂದು ವರ್ಷದಿಂದ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಹೇಳಲು ಹೆದರಿ ಅವನು ಹೊಗಳಿದ್ದ, ಹೊಗಳಿ ಕೆಟ್ಟಿದ್ದ. ಹೇಳಿದರೂ ತಲೆ, ಹೇಳದಿದ್ದರೂ ತಲೆ.

“ಕೋಲು ನೋಡಿ ಹೇಳೋ ಮಾತಲ್ಲ ಬುದ್ಧಿ, ಕೈ ನೋಡಿ ಹೇಳ್ಬೇಕು. ಏಳು ವರ್ಸದಿಂದ ನಿಮ್ಮ ಗಾಯ ಮುಚ್ತಿರೋಳು ನಾನು. ನೀವು ಸುಣ್ಣದ ಗೆರೆ ಎಳ್ಸಿ, ಅದರ ಮ್ಯಾಲೆ ಚೆಂಡಿಟ್ಟು ಅಭ್ಯಾಸ ಮಾಡ್ತೀರಿ. ಮೊದಲೆಲ್ಲ ಗಾಯ ಗೆರೆಯಿಂದ ಮುಂದಕ್ಕಿರ್ತಿತ್ತು, ರೊಟ್ಟಿಯಷ್ಟು ತೆಳ್ಳಗೆ. ಈಗ ಗೆರೆಗಿಂತ ಗೇಣು ಹಿಂದೆ ಅವೆ, ಬೊಗಸೆ ಮರಳು ಹಿಡೀತವೆ. ಕೋಲು ಚೆಂಡಿಗೆ ಮೊದಲೇ ನೆಲಕ್ಕೆ ಬೀಳ್ತಾ ಅದೆ.” ಅವಳು ಉಸಿರೆಳೆದುಕೊಂಡಳು. “ನಿಮ್ಮ ಕೈಗೆ ವಯಸ್ಸಾಯ್ತು ಬುದ್ಧಿ. ಲಾಂಗ್ ಐರನ್ನು ಆ ತಪ್ಪು ಕ್ಷಮಿಸಕಿಲ್ಲ. ಹೈಬ್ರಿಡ್ಡು ಕ್ಷಮಿಸ್ತದೆ. ಅದಕ್ಕೇ ಬಾಗಿಲು ತೆಗೀರಿ.”

ನಗಾರಿಯವನು ಕೋಲೆತ್ತಿ ದೊರೆಯ ಮುಖ ನೋಡಿದ. ದೊರೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಆಮೇಲೆ ಹೈಬ್ರಿಡ್ ಹಿಡಿದು ಹೊರಗೆ ಬಂದು ಬೀಸಿದ. ಈ ಏಟೂ ಚೆಂಡಿಗಿಂತ ಸ್ವಲ್ಪ ಹಿಂದೆಯೇ ಬಿತ್ತು. ಅಗಲದ ತಳ ಜಾರಿತು, ಚೆಂಡು ಮೇಲೆದ್ದು ಕೆರೆ ದಾಟಿ ಆಚೆ ದಡದ ಹುಲ್ಲಿನ ಮೇಲೆ ಮೆತ್ತಗೆ ಕೂತಿತು.

“ಎಲ್ಲರೂ ಕೋಲಿನ ಮಾತಾಡಿದರು,” ಎಂದ ದೊರೆ. “ನನ್ನ ಮಾತಾಡಿದವಳು ನೀನೊಬ್ಬಳು. ಏನು ಬೇಕು ಕೇಳಮ್ಮ.”

“ನಮ್ಮಣ್ಣನ ತಲೆ ಬುದ್ಧಿ. ಆ ಇಬ್ಬರದೂವೆ. ಹೈಬ್ರಿಡ್ಡಿನ ಹಂಗೆ ನೀವೂ ಒಂದ್ಸಲ ಕ್ಷಮಿಸ್ಬುಡಿ.”

ಮೂವರ ಕಟ್ಟೂ ಬಿಚ್ಚಿತು. ಜವರ ತಂಗಿಯ ಕಾಲಿಗೆ ಬೀಳಲು ಹೋದ, ಅವಳು ಅವನ ಬೆನ್ನಿಗೊಂದು ಗುದ್ದಿ ಅತ್ತಳು. ದೊರೆ ತಂದೆಯ ಲಾಂಗ್ ಐರನ್ನನ್ನು ತಂದು ಅವಳ ಕೈಗಿತ್ತ. “ಹೊಡಿ ನೋಡೋಣ.”

ಅಷ್ಟರಲ್ಲಿ ಎದುರುಗಾಳಿ ಎದ್ದಿತ್ತು. ಪುಟ್ಟೀರಿ ಸೆರಗು ಸಿಕ್ಕಿಸಿ ಬೀಸಿದಳು. ಚೆಂಡು ನೀರಿನ ಮೇಲೆ ತಗ್ಗಿನಲ್ಲೇ ನುಗ್ಗಿ ದೊರೆಯ ಚೆಂಡನ್ನೂ ದಾಟಿ ನಿಂತಿತು. ಗಾಯ ಚೆಂಡಿದ್ದ ಜಾಗದ ಮುಂದೆಯೇ ಇತ್ತು, ರೊಟ್ಟಿಯಷ್ಟು ತೆಳ್ಳಗೆ.

“ಕಬ್ಬಿಣದ್ದೇನೂ ತಪ್ಪಿರಲಿಲ್ಲ,” ಎಂದು ದೊರೆ ಹೇಳಿದ. ಬಹಳ ದಿನಗಳ ಮೇಲೆ ಮೊದಲ ಸಲ ಅಲ್ಲೇ ಹುಲ್ಲಿನ ಮೇಲೆ ಕೂತ. ಪಕ್ಕದಲ್ಲಿದ್ದ ಬುಟ್ಟಿ ಎಳೆದುಕೊಂಡು, ಒಂದು ಹಿಡಿ ಮರಳು ತೆಗೆದು, ಅವಳು ಮಾಡಿದ ಗಾಯವನ್ನು ತಾನೇ ಮುಚ್ಚಿದ.