ಗಡಿ ದಾಟಿದ ಪೀಪಾಯಿ

ನಾನು ವೈನು ತುಂಬಿದ ಪೀಪಾಯಿ. ಪಕ್ಕದ ರಾಜ್ಯದ ದೊಡ್ಡ ಹೋಟೆಲೊಂದರ ಅತಿಥಿಗಳ ಗ್ಲಾಸು ಸೇರಬೇಕೆಂದು ಹೊರಟವನು. ಗಡಿಯ ಚೆಕ್‌ಪೋಸ್ಟಿನಲ್ಲಿ ಗೇಟು ಅಡ್ಡ ನಿಂತಿತು.

“ಪರ್ಮಿಟ್ ತೋರಿಸಿ.”

“ಇಗೋ, ನಮ್ಮ ರಾಜ್ಯದಿಂದ ಹೊರಡಲು ಕೊಟ್ಟದ್ದು.”

“ನಮ್ಮ ರಾಜ್ಯದೊಳಗೆ ಬರಲು ಕೊಟ್ಟದ್ದು?”

ಅದು ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿತ್ತು. ಅದನ್ನು ಹೊಸದಾಗಿ ತರಿಸುವಷ್ಟರಲ್ಲಿ ಎರಡನೆಯದರ ಅವಧಿ ಮುಗಿಯಿತು. ಹೀಗೇ ಚೆಕ್‌ಪೋಸ್ಟಿನ ಮೂಲೆಯಲ್ಲಿ ಮೂರು ಬೇಸಿಗೆ ಕಳೆದೆ.

“ನಿಮಗೆ ಬೇಸರವಾಗುವುದಿಲ್ಲವೇ?” ಎಂದು ಗೇಟೇ ಒಂದು ದಿನ ಕೇಳಿತು.

“ಬೇಸರ ಯಾಕೆ? ನಾವು ದೊಡ್ಡ ಮನೆತನದವರು. ಕಾದಷ್ಟೂ ನಮ್ಮ ರುಚಿ ಏರುತ್ತದೆ,” ಎಂದೆ.

ಈ ಮಾತನ್ನು ಹಾದುಹೋಗುವ ಪ್ರತಿ ಲಾರಿಗೂ ಹೇಳುತ್ತಿದ್ದೆ. ಹೇಳಲು ಪ್ರತಿ ಸಲವೂ ಬಾಯಿಯ ಬಿರಡೆ ತೆಗೆಯಬೇಕಿತ್ತು. ಒಳಗೆ ಗಾಳಿ ಹೋಗುತ್ತದೆಂಬುದು ಆ ಜಂಬದಲ್ಲಿ ಯಾರಿಗೆ ನೆನಪಿತ್ತು?

ಕೊನೆಗೊಂದು ದಿನ ಎರಡೂ ಪರ್ಮಿಟ್ ಒಟ್ಟಿಗೆ ಕೈಸೇರಿದವು. ಅಬಕಾರಿ ಸಾಹೇಬರು ಬಂದು, ಒಂದು ಹನಿ ನಾಲಿಗೆಗಿಟ್ಟು ಮುಖ ಕಿವುಚಿದರು.

“ಏನ್ರೀ ಇದು? ವೈನಲ್ಲ, ಗಾಳಿ ತಾಗಿ ಹುಳಿದ ವಿನೆಗರ್! ಇದಕ್ಕೆ ಪರ್ಮಿಟ್ಟೇ ಬೇಡ, ಬಿಡ್ರಿ.”

ಗೇಟು ತಟ್ಟನೆ ಮೇಲೆದ್ದಿತು.

ಈಗ ಅದೇ ಹೋಟೆಲಿನ ಅಡುಗೆಮನೆಯಲ್ಲಿದ್ದೇನೆ. ನನ್ನಲ್ಲಿ ಈರುಳ್ಳಿ ನೆನೆಹಾಕುತ್ತಾರೆ. ಮೊನ್ನೆ ಒಂದು ಈರುಳ್ಳಿ ಕೇಳಿತು, “ಸ್ವಾಮಿ, ಅಷ್ಟು ಕಷ್ಟದ ಗಡಿಯನ್ನು ಹೇಗೆ ದಾಟಿದಿರಿ?”

ನಾನು ಬಿರಡೆ ತೆಗೆದು ಹೇಳಿದೆ: “ತಾಳ್ಮೆಯಿಂದ.”